ನನ್ನ ಕೊಳ್ಳಾಗ ಇದ್ದಿಲ್ಲ

ನನ್ನ ಅವ್ವನ ಇಷ್ಟಲಿಂಗವನ್ನು ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದವಳು ನಾನು.

ಬೇಕೆಂದು ಹಾಕಲಿಲ್ಲ ಎಂದು ಎರಡನೆಯ ವಾಕ್ಯದಲ್ಲೇ ಸೇರಿಸಲು ಕೈ ತಾನಾಗಿ ಹೋಗುತ್ತದೆ — ಹೋಗಲಿ, ಅದು ನಿಜವೂ ಹೌದು. ಆದರೆ ಬೇಕೆಂದೇ ಮಾಡಿದ್ದು ಇನ್ನೊಂದಿದೆ. ಅದರ ಮರುದಿನ ನಾನು ಆಡಿದ ಒಂದು ಮಾತು. ಲಿಂಗ ಕಳೆದದ್ದಕ್ಕೆ ನನ್ನ ಮರೆವನ್ನು ದೂರಬಹುದು. ಆ ಮಾತಿಗೆ ದೂರಲು ನನ್ನನ್ನು ಬಿಟ್ಟರೆ ಯಾರೂ ಸಿಗುವುದಿಲ್ಲ.

ಅವ್ವನ ಹೆಸರು ಶರಣವ್ವ. ಊರು ಮಂಗಳೂರು — ಕಡಲಿರುವ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಎರೆಹೊಲಗಳ ಮಂಗಳೂರು. ನಾನು ಹೊರಗಿನವರಿಗೆ ಇದನ್ನು ಪ್ರತಿ ಸಲ ಬಿಡಿಸಿ ಹೇಳುತ್ತೇನೆ. ಅವ್ವ ಎಂದೂ ಹೇಳುತ್ತಿರಲಿಲ್ಲ; ಮಂಗಳೂರು ಅಂದರೆ ಇನ್ಯಾವುದಿದೆ ಎಂಬಂತೆ ಸುಮ್ಮನಿರುತ್ತಿದ್ದಳು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಹಾವು ಕಡಿದು ತೀರಿಕೊಂಡ. ಅವ್ವ ಹೊಲವನ್ನು ಬೇರೆಯವರಿಗೆ ಕೋರಿಗೆ ಕೊಡಲಿಲ್ಲ, ತವರಿಗೂ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ತಾನೇ ಕೂರಿಗೆಯ ಹಿಂದೆ ನಡೆದಳು. ಹೆಣ್ಣುಮಗಳು ಬಿತ್ತಿದರೆ ಏನು ಬೆಳೆಯುತ್ತದೆ ಎಂದು ನಕ್ಕವರು ಆ ವರ್ಷದ ಸುಗ್ಗಿಯಲ್ಲಿ ನಮ್ಮ ಕಣದ ಬದಿಯಲ್ಲಿ ಹಾದುಹೋಗುವಾಗ ತಲೆ ಬಗ್ಗಿಸಿ ನಡೆದರಂತೆ. ಇದನ್ನು ಅವಳು ಹೇಳಿದ್ದಲ್ಲ, ಊರು ಹೇಳಿದ್ದು.

ಅವಳ ಬೆಳಗನ್ನು ಮಾತ್ರ ನಾನೇ ನೋಡಿದ್ದೇನೆ. ನಸುಕಿಗೆ ಎದ್ದು ಮಿಂದು, ಒದ್ದೆ ಕೂದಲು ಗಂಟು ಕಟ್ಟಿ, ಗೋಡೆಗೆ ಮುಖ ಮಾಡಿ ಕೂರುವಳು. ಕೊರಳಿನ ಗಂಟು ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳ ತುದಿಯಿಂದ ನೀರು ಹನಿಸುವಳು. ಭಸ್ಮ ಹಚ್ಚಿ, ಒಂದು ಹೂವಿಟ್ಟು — ಹೂವಿಲ್ಲದ ದಿನ ಒಂದೆಸಳು ಪತ್ರಿ — ಅದನ್ನೇ ನೋಡುತ್ತ ಕೂರುವಳು. ಕೌದಿಯೊಳಗಿಂದ ಒಂದೇ ಕಣ್ಣು ತೆರೆದು ನಾನು ಕಾಯುತ್ತಿದ್ದೆ, ಆ ಅಂಗೈ ಯಾವಾಗ ಅಲುಗುತ್ತದೆ ಎಂದು. ಅಲುಗುತ್ತಿರಲಿಲ್ಲ. ಕೊನೆಗೆ ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಹಳೆಯ ಸೀರೆಯ ಅಂಚಿನ ಬಟ್ಟೆಯಲ್ಲಿ ಸುತ್ತಿ, ಗಂಟನ್ನು ಹಲ್ಲಿನಿಂದ ಬಿಗಿಯುವಳು. ಅಲ್ಲಿಯವರೆಗೆ ಗುಟುಕು ನೀರೂ ಇಲ್ಲ. ಬಿತ್ತಿಗೆಯಲ್ಲೂ ಇಲ್ಲ, ಜ್ವರದಲ್ಲೂ ಇಲ್ಲ.

ಅವಳ ಅಜ್ಜನ ಸಂಗತಿಯೊಂದನ್ನು ನನಗೆ ಹೇಳುತ್ತಿದ್ದಳು. ಹಳ್ಳ ದಾಟುವಾಗ ಅಜ್ಜನ ಲಿಂಗ ಬಿದ್ದುಹೋಯಿತಂತೆ. ಅಜ್ಜ ಅನ್ನ ನೀರು ಬಿಟ್ಟು ದಂಡೆಯಲ್ಲೇ ಕುಳಿತನಂತೆ. ಊರವರು ಉಸುಕು ಸೋಸಿ ಸೋಸಿ ಹುಡುಕಿ ತರುವಷ್ಟರಲ್ಲಿ ಅವನು ಇರಲಿಲ್ಲ. ಸಿಕ್ಕ ಲಿಂಗವನ್ನು ಅವನ ಅಂಗೈಯಲ್ಲಿಟ್ಟೇ ಮಣ್ಣು ಕೊಟ್ಟರು. ಅವ್ವ ಇದನ್ನು ಗೆದ್ದವನ ಕಥೆಯಾಗಿ ಹೇಳುತ್ತಿದ್ದಳು. ನಾನು ಹೆದರಿ ಕೇಳುತ್ತಿದ್ದೆ.

ಅಂಥವಳು ನನ್ನನ್ನು ಗಂಗಾವತಿಯ ಕಾನ್ವೆಂಟಿಗೆ ಸೇರಿಸಿದ್ದು ಊರಿಗೆಲ್ಲ ಬೆರಗು. ದೊಡ್ಡಪ್ಪ ಅಡ್ಡ ಬಂದ, ಹುಡುಗಿಯ ಕುಲ ಕೆಡಿಸುತ್ತಾರೆ ಎಂದ. ತಾನೇ ನೋಡಿ ಬರುತ್ತೇನೆಂದು ಅವ್ವ ಬಸ್ಸು ಹತ್ತಿದಳು. ಅಲ್ಲಿ ದೊಡ್ಡ ಸಿಸ್ಟರ್ ಎದುರು ಬಂದಾಗ ಅವರ ಎದೆಯ ಮೇಲಿನ ಶಿಲುಬೆಯನ್ನೇ ನೋಡಿದಳಂತೆ. ಮಲಗುವಾಗಲೂ ತೆಗೆಯುವುದಿಲ್ಲವೇ ಎಂದು ಕೇಳಿದಳಂತೆ. ಇಲ್ಲ ಎಂದರು ಅವರು. ಅಷ್ಟೇ ಸಾಕಾಯಿತು. ಮನೆಗೆ ಬಂದು ದೊಡ್ಡಪ್ಪನ ಎದುರು ನಿಂತು ಹೇಳಿದಳು:

"ಅಕಿನೂ ತನ್ನ ದೇವ್ರನ್ನ ಎದಿ ಮ್ಯಾಲೆ ಕಟಗೊಂಡಾಳ, ನಾನೂ ಕಟಗೊಂಡೀನಿ. ಇಬ್ರದೂ ಒಂದ ಕುಲ. ನಿಮ್ಮ ಲಿಂಗ ಎಲ್ಲೈತಿ ಹೇಳ್ರಿ ಭಾವ?"

ದೊಡ್ಡಪ್ಪನ ಲಿಂಗ ಗೂಟಕ್ಕೆ ನೇತಾಡುತ್ತಿತ್ತು. ನಾನು ಕಾನ್ವೆಂಟಿಗೆ ಹೋದೆ.

ನನ್ನದೂ ಗೂಟಕ್ಕೆ ಹೋಗುವ ದಿನ ಬಹಳ ದೂರವಿರಲಿಲ್ಲ. ಹಾಸ್ಟೆಲಿನ ಸ್ನಾನದ ಮನೆಯ ಹೊರಗೆ ಒಬ್ಬ ಹುಡುಗಿ ನನ್ನ ಅಂಗಿಯ ಕೊರಳು ಮುಟ್ಟಿ, ಇದೇನು, ಗಡ್ಡೆಯೇ ಎಂದಳು. ಅಕ್ಕಪಕ್ಕದವರು ನಕ್ಕರು. ಆ ಸಂಜೆ ಲಿಂಗ ಬಿಚ್ಚಿ ಟ್ರಂಕಿನ ಮೂಲೆಗೆ, ಇಸ್ತ್ರಿ ಮಾಡಿದ ಕರ್ಚೀಫುಗಳ ಕೆಳಗೆ ಸೇರಿಸಿದೆ. ಆಮೇಲೆ ಅದು ಬೀರುವಿಗೆ ಹೋಯಿತು, ಮದುವೆಯಾದ ಮೇಲೆ ಇನ್ನೊಂದು ಬೀರುವಿಗೆ. ಅವ್ವ ಒಂದು ದಿನವೂ ಕೇಳಲಿಲ್ಲ. ಆದರೆ ನಾನು ಬಸ್ಸಿಳಿದು ಬಂದಾಗಲೆಲ್ಲ ಅವಳ ಕಣ್ಣು ಮೊದಲು ನನ್ನ ಮುಖಕ್ಕೆ, ಆಮೇಲೆ ಕೊರಳಿಗೆ ಬಂದು — ಒಂದು ಕ್ಷಣ ನಿಂತು — ನನ್ನ ಕೈಯ ಚೀಲಕ್ಕೆ ಇಳಿಯುತ್ತಿತ್ತು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಆ ನೋಟ ಬಂದೊಡನೆ ಚೀಲ ಬಿಚ್ಚಿ ತಂದದ್ದನ್ನು ತೋರಿಸತೊಡಗುತ್ತಿದ್ದೆ.

ನಾನು ಕೊಪ್ಪಳದಲ್ಲಿ ಸಂಸಾರ ಹೂಡಿ, ಮಗಳು ದೀಪಾ ಅಂಬೆಗಾಲಿಡುತ್ತಿದ್ದ ವರ್ಷ, ಅವ್ವನ ಗರ್ಭಕೋಶ ತೆಗೆಯಬೇಕಾಯಿತು. ಗಂಗಾವತಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಕರೆದೊಯ್ಯುವ ಮುಂಚೆ ನರ್ಸ್ ಬಂದು, ಕೊರಳಲ್ಲಿ, ಕೈಯಲ್ಲಿ ಏನೂ ಇರಬಾರದು ಎಂದು ಕೈ ಚಾಚಿದಳು. ಅವ್ವ ಬಳೆ ಕೊಟ್ಟಳು, ಓಲೆ ಕೊಟ್ಟಳು, ಲಿಂಗ ಕೊಡಲಿಲ್ಲ. ನನ್ನನ್ನು ಹತ್ತಿರ ಕರೆದು, ನನ್ನ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಅಂಗೈ ಮುಚ್ಚಿ ಹೇಳಿದಳು:

"ಕೆಳಗ ಇಡಬ್ಯಾಡ. ನಾ ಹೊರಗ ಬರೂತನಾ ನಿನ್ನ ಕೊಳ್ಳಾಗ ಇರ್ಲಿ."

ಹಾಕಿಕೊಳ್ಳಲೆಂದು ದಾರ ಎತ್ತಿದ್ದೆ. ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಯಾರೋ ನನ್ನ ಹೆಸರು ಕೂಗಿದರು. ಕಾನ್ವೆಂಟಿನ ಗೆಳತಿ. ಎಳೆಯಷ್ಟು ತೆಳ್ಳನೆಯ ಸರ, ಗಂಜಿ ಹಾಕಿದ ಕಾಟನ್ ಸೀರೆ, ಅದೇ ಹಳೆಯ ನಗು. ನನ್ನ ಕೈಯಲ್ಲಿ ಬೆವರು, ಭಸ್ಮ, ಕೊಬ್ಬರಿ ಎಣ್ಣೆ ಕುಡಿದು ಕಪ್ಪಾದ ಒಂದು ಬಟ್ಟೆಯ ಗಂಟು. ನಾನು ಅದನ್ನು — ಒಂದು ಉಸಿರು ಎಳೆಯುವಷ್ಟು ಹೊತ್ತೂ ಬೇಕಾಗಲಿಲ್ಲ — ಪಕ್ಕದಲ್ಲಿದ್ದ ಔಷಧಿ ಅಂಗಡಿಯ ಕಾಗದದ ಕವರಿನೊಳಗೆ, ಹತ್ತಿಯ ನಡುವೆ ಜಾರಿಸಿದೆ. ಬಹಳ ಹೊತ್ತು ಮಾತಾಡಿದೆವು. ಆ ಗಡ್ಡೆಯ ಮಾತು ಹೇಳಿದವಳು ಇವಳಲ್ಲ. ಆದರೂ ಹಾಗೆ ಮಾಡಿದೆ.

ಅವ್ವನನ್ನು ಹೊರಗೆ ತಂದು ಮಲಗಿಸಿದ ಮೇಲೆ ಡಾಕ್ಟರು ಬರುತ್ತಾರೆಂದರು. ಎಲ್ಲಿ ಕುಳಿತರೂ ಆ ಜಾಗ ಚೊಕ್ಕ ಮಾಡಿ ಏಳಬೇಕು — ಸಿಸ್ಟರುಗಳು ಕಲಿಸಿದ ಶಿಸ್ತು, ನನ್ನ ರಕ್ತದಲ್ಲಿದೆ. ಮಂಚದ ಸುತ್ತಲಿನ ಖಾಲಿ ಕವರು, ಹತ್ತಿ, ಬಾಳೆಹಣ್ಣಿನ ಸಿಪ್ಪೆ ಎಲ್ಲವನ್ನೂ ಒಟ್ಟುಮಾಡಿ ಡಬ್ಬಿಗೆ ಹಾಕಿ, ಕೈ ತೊಳೆದು ಬಂದೆ. ಡಾಕ್ಟರು ಬಂದವರು, ಎಷ್ಟು ಚಂದ ಇಟ್ಟಿದ್ದೀರಿ ಎಂದರು. ನನಗೆ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ನೀರು ಕೊಡಬಹುದು ಎಂದರು. ಅವ್ವನ ತುಟಿಗಳು ಎರೆಹೊಲದ ಹಾಗೆ ಬಿರಿದಿದ್ದವು. ಚಮಚ ಬಾಯಿಗೆ ಹಿಡಿದೆ. ಅವಳು ಮುಖ ತಿರುಗಿಸಿ, ಮೊದಲು ಲಿಂಗ ಎಂದಳು.

ಆಗ ನನ್ನ ಕೈ ಕೊರಳಿಗೆ ಹೋಯಿತು. ಕೊರಳು ಬರಿದು.

ಅವ್ವ ಮತ್ತೆ ಮಂಪರಿಗೆ ಜಾರಿದ ಹೊತ್ತಿಗೆ ಚೀಲ ಕೊಡವಿದೆ, ನನ್ನ ಹಾಸಿಗೆ ಕೊಡವಿದೆ, ಡಬ್ಬಿ ನೋಡಿದೆ — ಹೊಸ ಪ್ಲಾಸ್ಟಿಕ್ ಚೀಲ ಹಾಕಿದ ಸ್ವಚ್ಛ ಡಬ್ಬಿ. ಆಸ್ಪತ್ರೆಯ ಹಿಂದಕ್ಕೆ ಓಡಿದೆ. ಕಸ ಗುಡಿಸುವ ಹೆಂಗಸು, ಗಾಡಿ ಆಗಲೇ ಹೋಯಿತು, ಊರ ಹೊರಗೆ ಒಯ್ದು ಸುಟ್ಟುಬಿಡುತ್ತಾರೆ ಎಂದಳು. ನನಗೆ ಹಳ್ಳದ ದಂಡೆಯ ಅಜ್ಜ ಕಂಡ. ಹಸಿ ಗಾಯದ ಈ ಹೆಂಗಸು ಲಿಂಗ ಕಳೆದಿದೆ ಎಂದು ತಿಳಿದರೆ ನೀರು ಮುಟ್ಟುವುದಿಲ್ಲ, ಗುಳಿಗೆ ಮುಟ್ಟುವುದಿಲ್ಲ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನಿನ್ನೂ ಮಿಂದಿಲ್ಲ, ಮಿಂದು ಲಿಂಗ ಕೊಡುತ್ತೇನೆ ಎಂದು ಅವಳಿಗೆ ಹೇಳಿ ಬಜಾರಿಗೆ ಹೋದೆ.

ವಿಭೂತಿ, ರುದ್ರಾಕ್ಷಿ ಮಾರುವ ಅಂಗಡಿ. ತಟ್ಟೆಯಲ್ಲಿ ಸಾಲಾಗಿ ಕಪ್ಪು ಲಿಂಗಗಳು. ಅಂಗಡಿಯವನು ಯಾರಿಗೆ, ಕೂಸಿಗೇನು ಎಂದು ವಿಚಾರಿಸಿದ. ಹೂಂ ಎಂದೆ. ಅವ್ವನದಷ್ಟೇ ಗಾತ್ರದ್ದು ಆರಿಸಿದೆ. ಹಿಂದಿನ ಶ್ರಾವಣದಲ್ಲಿ ಊರಿನ ಅಯ್ಯನವರು ಅವ್ವನ ಲಿಂಗಕ್ಕೆ ಹೊಸದಾಗಿ ಕಪ್ಪು ಕಂತಿ ಲೇಪಿಸಿ ಕೊಟ್ಟಿದ್ದರು. ಹಾಗಾಗಿ ಹೊಳಪಿಗೆ ಅವಳು ಅನುಮಾನ ಪಡಲಾರಳು ಎಂದು ಲೆಕ್ಕ ಹಾಕಿದೆ. ಹೌದು, ಲೆಕ್ಕ ಹಾಕಿದೆ. ಆಸ್ಪತ್ರೆಯ ಬಚ್ಚಲಿನಲ್ಲಿ ನಿಂತು ಅದಕ್ಕೆ ಎಣ್ಣೆ ತಿಕ್ಕಿ, ಭಸ್ಮ ತಿಕ್ಕಿ, ಅವಳ ಹಸಿರು ಇಳಕಲ್ ಸೀರೆಯ ಅಂಚು ಹರಿದು ಸುತ್ತಿದೆ; ಕೇಳಿದರೆ ಹಳೆಯ ಬಟ್ಟೆ ಕೊಳೆಯಾಗಿತ್ತು ಎನ್ನಬಹುದು.

ಅಂಗೈಯಲ್ಲಿಟ್ಟಾಗ ಅವ್ವ ಕಣ್ಣು ತೆರೆಯಲಿಲ್ಲ, ಹೆಬ್ಬೆರಳಿನಿಂದ ಸವರಿದಳು. ಬಹಳ ಹೊತ್ತು ಸವರಿದಳು. ಕೆಳಗೇನಾದರೂ ಇಟ್ಟಿದ್ದೆಯಾ ಎಂದಳು.

"ಇಲ್ಲವ್ವ," ಅಂದೆ, "ನನ್ನ ಕೊಳ್ಳಾಗ ಇತ್ತು."

ಇದೇ ಆ ಮಾತು. ಕೆಳಗೆ ಇಟ್ಟಿಲ್ಲ ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು. ಅವಳು ನೀರು ಕುಡಿಯಲು ಅಷ್ಟು ಸಾಕಿತ್ತು. ಉಳಿದದ್ದನ್ನು ನಾನು ಸೇರಿಸಿದ್ದು ನನಗಾಗಿ — ಆ ಕೊರಳಿನ ನೋಟದಿಂದ ತಪ್ಪಿಸಿಕೊಳ್ಳಲು, ಒಳ್ಳೆಯ ಮಗಳಾಗಲು, ಬಿಟ್ಟಿಯಾಗಿ.

ಅವಳು ಕಣ್ಣು ತೆರೆದಳು. ಗಾಯ, ನೋವು, ಮದ್ದಿನ ಮಂಪರು ಎಲ್ಲದರ ಮೇಲೆ ಆ ಮುಖ ಅರಳಿದ ಬಗೆಯನ್ನು ಬರೆಯಲು ನನಗೆ ಬಾರದು. ಹನಿಸಿದಳು, ಭಸ್ಮ ಹಚ್ಚಿದಳು, ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನೀರು ಕೇಳಿದಳು. ಗಟಗಟನೆ ಕುಡಿದಳು.

ಎದ್ದಳು, ಊರಿಗೆ ಹೋದಳು, ಮೊದಲಿಗಿಂತ ಗಟ್ಟಿಯಾದಳು. ಅವಳ ಬದುಕಿನ ಅತಿ ದೊಡ್ಡ ಕೆಲಸ ಶುರುವಾದದ್ದೇ ಆಮೇಲೆ. ಸೋಮವಾರದ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿ ಹಾಡಿಸತೊಡಗಿದಳು. ಬರುವವರು ತಂತಮ್ಮ ಮನೆಯಿಂದ ಜೋಳದ ರೊಟ್ಟಿ ತರಬೇಕು, ಎಲ್ಲವೂ ಒಂದೇ ಬುಟ್ಟಿಗೆ ಬೀಳಬೇಕು, ಹಾಡಾದ ಮೇಲೆ ಆ ಬುಟ್ಟಿಯಿಂದ ಕೈಗೆ ಸಿಕ್ಕದ್ದನ್ನು ತಿನ್ನಬೇಕು — ತನ್ನ ಮನೆಯ ರೊಟ್ಟಿ ತಾನೇ ಆರಿಸಿ ತಿನ್ನುವ ಹಾಗಿಲ್ಲ. ಒಂದು ಸೋಮವಾರ ಕೆಳಗಿನ ಕೇರಿಯ ಹುಲಿಗೆವ್ವ ಬಂದು ದೂರ ನಿಂತಳು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವಳು, ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಅವ್ವ ಅವಳ ಮಡಿಲಿನ ರೊಟ್ಟಿ ಇಸಿದುಕೊಂಡು ಬುಟ್ಟಿಗೆ ಹಾಕಿ ಬೆರೆಸಿಬಿಟ್ಟಳು. ಕೆಲವರು ಎದ್ದು ನಿಂತರು, ಆ ರೊಟ್ಟಿ ತೆಗೆದುಹಾಕು ಎಂದರು. ಅವ್ವ ಬುಟ್ಟಿಯನ್ನು ಅವರ ಮುಂದೆ ಸರಿಸಿದಳು.

"ತಗೀರಿ. ಯಾವ ರೊಟ್ಟಿ ಯಾರ್ದು ಹೇಳಿ ತಗೀರಿ."

ಇದ್ದವರಲ್ಲಿ ಅರ್ಧ ಜನ ಆ ಸಂಜೆ ಉಣ್ಣದೆ ಹೋದರು, ಕೆಲವರು ತಿಂಗಳುಗಟ್ಟಲೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಮನೆಯಲ್ಲಿ ಒಬ್ಬಳೇ ಕುಳಿತು ತನ್ನದೇ ರೊಟ್ಟಿ ತಿನ್ನುವುದು ಎಷ್ಟು ದಿನ ಹಿಡಿಸೀತು?

ಆದರೆ ಆ ಕಟ್ಟೆಯ ಮೇಲೆ ಹಾಡಿನ ನಡುವೆ ಅವ್ವ ಒಂದು ಕಥೆ ಹೇಳುತ್ತಿದ್ದಳು. ತನ್ನ ಮಗಳ ಕಥೆ. ಇಂಗ್ಲಿಷ್ ಕಲಿತವಳು, ಲಿಂಗ ಬಿಟ್ಟಿದ್ದವಳು, ಅವ್ವನ ಲಿಂಗ ಕೊರಳಲ್ಲಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಕಾದಳು. ಹೊರಳಿ ಬಂದಳು. ಬಿಟ್ಟವರೂ ಬರುತ್ತಾರೆ, ಬಾಗಿಲು ಹಾಕಬೇಡಿ. ಈ ಕಥೆ ಕೇಳಿದ ಮೇಲೆ ಹುಲಿಗೆವ್ವ ತನಗೂ ಲಿಂಗ ಬೇಕೆಂದಳು. ಅಯ್ಯನವರು ಹಿಂದೆ ಮುಂದೆ ನೋಡಿದರು. ಅವ್ವ ಮಠದ ಮೆಟ್ಟಿಲ ಮೇಲೆ ಹುಲಿಗೆವ್ವನ ಪಕ್ಕದಲ್ಲಿ ಕುಳಿತುಬಿಟ್ಟಳು, ಕೊಡುವವರೆಗೆ ಏಳುವುದಿಲ್ಲವೆಂದು. ಅಯ್ಯನವರು ಕೊಟ್ಟರು. ಆ ದಿನ ಅವ್ವ ನನಗೆ ಫೋನ್ ಮಾಡಿ, ಎಲ್ಲ ನಿನ್ನಿಂದ ಆಯಿತು ಎಂದಳು. ನಾನು ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟೆ. ಹಾಲು ಉಕ್ಕುತ್ತಿರಲಿಲ್ಲ.

ವರ್ಷಗಳು ಹೀಗೆ ಹೋದವು. ಊರಿಗೆ ಹೋದರೆ ಹೆಂಗಸರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುವರು. ಊರಿಗೆ ಹೋಗುವಾಗ ಮಾತ್ರ ನಾನು ಬೀರುವಿನಿಂದ ನನ್ನ ಲಿಂಗ ತೆಗೆದು ಕಟ್ಟಿಕೊಳ್ಳತೊಡಗಿದ್ದೆ — ಇದನ್ನೂ ಹೇಳಿಬಿಡಬೇಕು. ಬಸ್ಸು ಹತ್ತುವಾಗ ಕಟ್ಟುವುದು, ಕೊಪ್ಪಳಕ್ಕೆ ಬಂದು ಬಿಚ್ಚುವುದು.

ಅವ್ವನ ಮೊಣಕಾಲು ಸೋತ ಮೇಲೆ ಅವಳನ್ನು ನಮ್ಮಲ್ಲಿಗೆ ಕರೆತಂದೆ. ಅಂದಿನಿಂದ ಅವಳ ಕಣ್ಣೆದುರು ಮನೆಯಲ್ಲೂ ಲಿಂಗ ಕಟ್ಟಿಕೊಂಡಿರುತ್ತಿದ್ದೆ. ಅವ್ವ ಮಾತ್ರ ಊರಿನ ಸೋಮವಾರ ತಪ್ಪಿಸುತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋಗಿ ಮರುದಿನ ಬರುವಳು. ದೀಪಾ ಆಗ ಕಾಲೇಜಿಗೆ ಹೋಗುತ್ತಿದ್ದಳು, ಅಜ್ಜಿಯ ನೆರಳು. ಹಿಂದೆ ಅವಳು ಮೊದಲ ಸಲ ಮುಟ್ಟಾದಾಗ ನಾನು ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದ್ದೆ. ಲಿಂಗವಂತರಿಗೆ ಎಂಥ ಸೂತಕ ಎಂದು ಕೈಹಿಡಿದು ಎಬ್ಬಿಸಿ, ನೇರ ಪೂಜೆಗೆ ಕೂರಿಸಿದವಳು ಊರಿನಿಂದ ಬಂದಿದ್ದ ಅವ್ವ. ಒಂದು ದಿನ ದೀಪಾ ತಾನೂ ದಿನವೂ ಲಿಂಗ ಕಟ್ಟುತ್ತೇನೆ, ಕಾಲೇಜಿಗೂ ಕಟ್ಟಿಕೊಂಡೇ ಹೋಗುತ್ತೇನೆ ಎಂದಳು. ಗೆಳತಿಯರು ನಕ್ಕರೆ ಎಂದು ನಾನೇ ಕೇಳಿದೆ. ಅವ್ವ ಅವಳನ್ನು ಮಗ್ಗುಲಿಗೆ ಕೂರಿಸಿಕೊಂಡು ಕಥೆ ಹೇಳಿದಳು. ನನ್ನ ಎದುರಿಗೇ. ಕೇಳಿ ಮುಗಿದ ಮೇಲೆ ನನ್ನ ಮಗಳು ನನ್ನತ್ತ ನೋಡಿದಳು. ಅಂಥ ನೋಟಕ್ಕಾಗಿ ತಾಯಂದಿರು ಏನು ಬೇಕಾದರೂ ಕೊಡುತ್ತಾರೆ. ನನಗೆ ಅದನ್ನು ತಾಳಲಾಗಲಿಲ್ಲ.

ದೀಪಾ ಕಾಲೇಜಿಗೆ ಹೋದ ಮೇಲೆ, ಕಾಳು ಆರಿಸುತ್ತಿದ್ದ ಅವ್ವನ ಎದುರು ಕುಳಿತು ಎಲ್ಲ ಹೇಳಿದೆ. ಗೆಳತಿ, ಕವರು, ಡಬ್ಬಿ, ಬಜಾರು. "ನನ್ನ ಕೊಳ್ಳಾಗ ಇದ್ದಿಲ್ಲವ್ವ."

ಅವ್ವ ಮೊರದ ಮೇಲಿನ ಕೈ ನಿಲ್ಲಿಸಿದಳು. ಆಸ್ಪತ್ರೆಯ ಆ ಬೆಳಿಗ್ಗೆ ಹೆಬ್ಬೆರಳಿಗೆ ಏನೋ ಬೇರೆ ಅನಿಸಿತ್ತಂತೆ. ಜಡ್ಡಿನಿಂದ ಎದ್ದ ತನ್ನ ಕೈಗೇ ಗುರುತು ಹೋಗಿದೆ ಅಂದುಕೊಂಡಿದ್ದಳಂತೆ. ಇಷ್ಟು ವರ್ಷ ತನ್ನ ಕೈಯನ್ನು ಅನುಮಾನಿಸಿದ್ದಾಳೆ. ನನ್ನನ್ನು ಅನುಮಾನಿಸುವುದು ಅವಳಿಗೆ ಹೊಳೆದೇ ಇಲ್ಲ. ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು.

ಊಟಕ್ಕೆ ಏಳಲಿಲ್ಲ. ನೀರು ತಂದಿಟ್ಟೆ, ಮುಟ್ಟಲಿಲ್ಲ. ನಾನು ಇಷ್ಟು ವರ್ಷ ಯಾವುದಕ್ಕೆ ಹೆದರಿ ಸುಳ್ಳನ್ನು ಸಾಕಿದ್ದೆನೋ ಅದು ನನ್ನ ಮನೆಯ ನಡುಮನೆಯಲ್ಲೇ ಬಂದು ಕುಳಿತಿತ್ತು. ದೀಪಾ ಬಂದು ಅಜ್ಜಿಗೆ ಏನಾಯಿತು ಎಂದು ಅತ್ತಳು. ನಾನು ಅವಳಿಗೂ ಹೇಳಿದೆ. ಅವಳು ನನ್ನ ಮುಖ ನೋಡದೆ ಅಜ್ಜಿಯ ಹಿಂದೆ ಹೋಗಿ ಕುಳಿತಳು.

ಬೆಳಿಗ್ಗೆ ಬಚ್ಚಲಿನಲ್ಲಿ ನೀರಿನ ಸದ್ದಾಯಿತು. ಅವ್ವ ಮಿಂದು ಬಂದು ಎಂದಿನಂತೆ ಕುಳಿತು, ಎಂದಿನಂತೆ ಗಂಟು ಬಿಚ್ಚಿ, ಅದೇ ಲಿಂಗವನ್ನು ಅಂಗೈಯಲ್ಲಿಟ್ಟು ನೀರು ಹನಿಸಿದಳು. ಅಂಗೈ ಅಲುಗಲಿಲ್ಲ. ಪೂಜೆ ಮುಗಿಸಿ ತಂಬಿಗೆ ಎತ್ತಿ ನೀರು ಕುಡಿದಳು. ಆಮೇಲೆ ನನ್ನತ್ತ ತಿರುಗಿದಳು.

"ಇದನ್ನ ನಾ ಹಡದಿಲ್ಲ ಅಷ್ಟ. ಸಾಕೀನಿ. ಸಾಕಿದ ಕೂಸನ್ನ ಯಾರರ ಹೊರಗ ಹಾಕ್ತಾರೇನು?"

ನಾನು ಅಳತೊಡಗಿದೆ. ಅವಳು ಅಳಲಿಲ್ಲ, ಅವಳ ಮುಖದಲ್ಲಿ ಹೊಲ ಬಿತ್ತಿ ಬಂದ ದಿನದ ದಣಿವೂ ಗೆಲುವೂ ಇತ್ತು. ಅಯ್ಯನವರಿಗೆ ತಾನೇ ಹೇಳುತ್ತೇನೆ ಎಂದಳು. ಮುಂದೆ ಹೇಳಿದಳು ಕೂಡ. ಬೇರೆ ಲಿಂಗ ಕೊಡುತ್ತೇನೆಂದ ಅವರಿಗೂ ಇದೇ ಉತ್ತರ ಕೊಟ್ಟಳಂತೆ. ಅವರು ಅವಳಿಗೇ ಕೈ ಮುಗಿದರಂತೆ.

ಆದರೆ ಅವಳು ನನ್ನನ್ನು ಬಿಡಲಿಲ್ಲ.

"ಲಿಂಗದ್ದು ನನ್ನ ಸಂಗತಿ, ಮುಗೀತು. ಕಟ್ಟಿ ಮ್ಯಾಲೆ ನಾ ಹೇಳಿದ್ದು ಸುಳ್ಳಾತು. ಅದನ್ನ ನೀ ಬಿಡಸಬೇಕು. ಹುಲಿಗೆವ್ವನ ಮುಂದ ನಿಂತು ಹೇಳಬೇಕು."

ಹೂಂ ಎಂದೆ.

ಹೇಳಲಿಲ್ಲ. ದೀಪಾಳ ಪರೀಕ್ಷೆ ಎಂದೆ. ಯಜಮಾನರ ವರ್ಗಾವಣೆಯ ಗಡಿಬಿಡಿ ಎಂದೆ. ಮಳೆ ಎಂದೆ, ಬಿಸಿಲು ಎಂದೆ. ಸೋಮವಾರ ಬಸ್ ನಿಲ್ದಾಣದವರೆಗೆ ಅವಳನ್ನು ಬಿಟ್ಟು ಬರುತ್ತಿದ್ದೆ. ಅವಳು ಕಿಟಕಿಯ ಪಕ್ಕ ಕುಳಿತು, ಬರುತ್ತೀಯಾ ಎಂದು ಕೇಳದೆ, ತನ್ನ ಪಕ್ಕದ ಸೀಟಿನ ಮೇಲೆ ಚೀಲವನ್ನು ಬಸ್ಸು ಬಿಡುವವರೆಗೂ ಇಟ್ಟಿರುತ್ತಿದ್ದಳು. ಬಿಟ್ಟ ಮೇಲೆ ಚೀಲ ತೊಡೆಗೆ ಎತ್ತಿಕೊಳ್ಳುವುದು ಹೊರಗಿನಿಂದ ಕಾಣುತ್ತಿತ್ತು. ಕಟ್ಟೆಯ ಮೇಲೆ ಅವಳು ಆ ಕಥೆಯನ್ನು ಮತ್ತೆಂದೂ ಹೇಳಲಿಲ್ಲವಂತೆ. ಕೇಳಿದರೆ, ಅದನ್ನು ಹೇಳುವವಳು ಬರುತ್ತಾಳೆ ಎನ್ನುತ್ತಿದ್ದಳಂತೆ.

ಒಂದು ಬೆಳಿಗ್ಗೆ ಪೂಜೆಗೆ ಕುಳಿತವಳು ಏಳಲಿಲ್ಲ. ಅಂಗೈ ಹಾಗೆಯೇ ಇತ್ತು, ನೀರು ಇನ್ನೂ ಒಣಗಿರಲಿಲ್ಲ.

ಮಂಗಳೂರಿಗೆ ಒಯ್ದೆವು. ನಾಲ್ಕು ಓಣಿಯ ಹೆಂಗಸರು ಹಾಡುತ್ತ ಬಂದರು. ಅವಳ ಎದುರು ಒಂದು ಕಾಲದಲ್ಲಿ ಉಣ್ಣದೆ ಎದ್ದು ಹೋದವರು ಆ ದಿನ ರೊಟ್ಟಿ ಹೊತ್ತು ಬಂದಿದ್ದರು. ಅಷ್ಟು ಜನ ಕೂಡಿದ್ದನ್ನು ಆ ಊರು ದೊಡ್ಡ ಗೌಡರ ಸಾವಿನಲ್ಲೂ ಕಂಡಿರಲಿಲ್ಲ. ಅವಳನ್ನು ಸಮಾಧಿಯಲ್ಲಿ ಕೂರಿಸಿ, ಬಜಾರಿನಿಂದ ನಾನು ತಂದ, ಅವಳು ಸಾಕಿದ ಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ಆಗ ಹುಲಿಗೆವ್ವ ಜನರನ್ನು ಸರಿಸಿ, ಅವ್ವನ ಲಿಂಗ ಕೊರಳಲ್ಲಿ ಕಾದ ಮಗಳಿಗೆ ಮೊದಲ ಪತ್ರಿ ಹಾಕಲು ಬಿಡಿ ಎಂದಳು. ಎಲ್ಲರೂ ದಾರಿ ಬಿಟ್ಟರು.

ನಾನು ಹೋಗಿ ಹಾಕಿದೆ. ಬಾಯಿ ತೆರೆಯಲಿಲ್ಲ. ಅವ್ವಾ — ನಿನ್ನ ಎದುರಿಗೆ, ನಿನ್ನ ಅಂಗೈಯ ಮುಂದೆ, ಎರಡನೆಯ ಸಲ ಅದೇ ಸುಳ್ಳು.

ವರ್ಷದ ನೆನಪಿನ ದಿನ ಸೋಮವಾರ ಬಂತು. ಕಟ್ಟೆಯ ಮೇಲೆಯೇ ಇಟ್ಟುಕೊಂಡಿದ್ದರು. ಶರಣವ್ವನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನೇ ಕರೆದಿದ್ದರು. ದೀಪಾ ಜೊತೆಗೆ ಬಂದಳು. ದಾರಿಯುದ್ದಕ್ಕೂ ಕಿಟಕಿಯಾಚೆಯೇ ನೋಡುತ್ತಿದ್ದಳು, ಆದರೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಳು. ನನ್ನ ಕೊರಳಲ್ಲಿ ಆ ದಿನ ಏನೂ ಇರಲಿಲ್ಲ. ಬೇಕೆಂದೇ ಬಿಚ್ಚಿಟ್ಟು ಬಂದಿದ್ದೆ.

ಎದ್ದು ನಿಂತೆ. ಇಲ್ಲಿ ಮೇಲೆ ಬರೆದದ್ದನ್ನೆಲ್ಲ ಹೇಳಿದೆ, ಇಷ್ಟು ಚೆನ್ನಾಗಿ ಅಲ್ಲ. ತಡವರಿಸಿದೆ. ಗಡ್ಡೆಯ ಮಾತು ಹೇಳುವಾಗ ಯಾರೋ ಒಬ್ಬರು ನಕ್ಕು ತಡೆದುಕೊಂಡರು. ಡಬ್ಬಿಯ ಮಾತು ಬಂದಾಗ ಮುದುಕಿಯೊಬ್ಬಳು ಶಿವ ಶಿವ ಎಂದು ಕಿವಿ ಮುಚ್ಚಿಕೊಂಡಳು. ಊರಿಗೆ ಬರುವಾಗ ಕಟ್ಟಿ ಹೋಗುವಾಗ ಬಿಚ್ಚುತ್ತಿದ್ದೆ ಎಂದೂ ಹೇಳಿದೆ. ಕೊನೆಗೆ ಹುಲಿಗೆವ್ವನನ್ನು ನೋಡಿ, ನೀನು ಲಿಂಗ ಕಟ್ಟಿಕೊಂಡದ್ದು ನನ್ನ ಸುಳ್ಳನ್ನು ನಂಬಿ, ಅದಕ್ಕೆ ನಾನು ಏನು ಹೇಳಲಿ ಎಂದು ತಿಳಿಯದು ಎಂದೆ.

ಹುಲಿಗೆವ್ವ ಎದೆಯ ಮೇಲಿನ ಗಂಟನ್ನು ಎರಡೂ ಕೈಯಿಂದ ಹಿಡಿದಿದ್ದಳು. ನನಗೆ ಅವಳ ಕೈಗಳನ್ನು ನೋಡಲು ಭಯವಾಯಿತು.

"ನಿನ್ನ ಕಥಿ ಕೇಳಿ ಕಟಗೊಂಡೆ ಅಂತ ತಿಳಕೊಂಡಿಯೇನು?" ಎಂದಳು. "ನಿನ್ನ ಮಾತಿಗೆ ಅಷ್ಟ್ ತೂಕ ಇಲ್ಲ ತಂಗಿ. ಅದನ್ನ ಹೇಳುವಾಗ ನಿಮ್ಮವ್ವನ ಮುಖ ಇತ್ತಲ್ಲ — ಅದನ್ನ ನೋಡಿ ಕಟಗೊಂಡೆ."

ಅಲ್ಲಲ್ಲಿ ನಗು ಎದ್ದಿತು, ಮೆಲ್ಲಗೆ, ಕಣ್ಣೀರಿನ ನಡುವೆ. ಆಮೇಲೆ ಹುಲಿಗೆವ್ವ ತಾನೇ ಮೊದಲ ಹಾಡು ಎತ್ತಿದಳು — ಅವ್ವನ ಜಾಗದಲ್ಲಿ ಕುಳಿತು, ಅವ್ವನಿಗಿಂತ ಜೋರು ದನಿಯಲ್ಲಿ. ಕಟ್ಟೆ ತುಂಬಿ ಹಾಡಿತು. ಒಂದು ಕಾಲದಲ್ಲಿ ದೂರ ನಿಂತಿದ್ದವಳು ಎತ್ತಿಕೊಟ್ಟ ಹಾಡಿಗೆ ಮೇಲಿನ ಓಣಿಯ ಮುದುಕಿಯರು ತಾಳ ಹಾಕುತ್ತಿದ್ದರು. ನನ್ನ ಅವ್ವ ಗೆದ್ದಿದ್ದಳು. ಅವಳ ಗೆಲುವಿಗೆ ನನ್ನ ಸುಳ್ಳು ಬೇಕಿರಲಿಲ್ಲ, ನನ್ನ ಸತ್ಯವೂ ಬೇಕಿರಲಿಲ್ಲ.

ಕ್ಷಮಿಸಿದ್ದೇವೆ ಎಂದು ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕೇಳಬೇಕಾದವಳ ಮುಂದೆ ಬಾಯಿ ತೆರೆಯಬೇಕಾಗಿದ್ದ ದಿನ ದಾಟಿಹೋಗಿದೆ. ಆ ಚೀಲವಿಟ್ಟ ಸೀಟು ನನಗೆ ಇನ್ನು ಸಿಗುವುದಿಲ್ಲ.

ಹಾಡುವವರ ಸಾಲಿನಲ್ಲಿ ಒಬ್ಬಾಕೆ ಸರಿದು ಜಾಗ ಕೊಟ್ಟಳು. ಕುಳಿತೆ. ಪಕ್ಕದಲ್ಲಿ ದೀಪಾ ಹಾಡುತ್ತಿದ್ದಳು, ಅವಳಿಗೆ ಎಲ್ಲವೂ ಬಾಯಿಪಾಠ. ನನಗೆ ಒಂದು ಸಾಲೂ ಬರುತ್ತಿರಲಿಲ್ಲ. ಇಂಗ್ಲಿಷ್ ಪ್ರಾರ್ಥನೆಗಳನ್ನು ಇವತ್ತಿಗೂ ತಪ್ಪಿಲ್ಲದೆ ಹೇಳಬಲ್ಲೆ. ನನ್ನ ಅವ್ವ ದಿನವೂ ಹಾಡುತ್ತಿದ್ದುದರಲ್ಲಿ ಒಂದು ಸಾಲು ಬರುವುದಿಲ್ಲ. ಬಾಯಿ ಮುಚ್ಚಿ, ದೀಪಾಳ ತುಟಿಗಳನ್ನೇ ನೋಡುತ್ತ, ಮೊದಲ ಸಾಲು ಹಿಡಿಯಲು ಪ್ರಯತ್ನಿಸಿದೆ. ಆ ಸಂಜೆ ಅಷ್ಟೇ ಸಾಧ್ಯವಾಯಿತು. ಮುಂದಿನ ಸೋಮವಾರ ಹಾಡಿನ ಎರಡನೆಯ ಸಾಲು ಕಲಿಯಲು ಮತ್ತೆ ಹೋಗಿದ್ದೆ.